ಫೈನಲ್ ಇತ್ಯರ್ಥ ಆಗಬೇಕಾದ್ದು ಮೈದಾನದಲ್ಲಿ: ರಗ್ಬಿ ಆಡಳಿತಗಾರರಿಗೆ ಒಂದು ಬಹಿರಂಗ ಪತ್ರ

ವರ್ಲ್ಡ್ ರಗ್ಬಿಯಲ್ಲಿ ನಿಯಮ ರೂಪಿಸುವವರಿಗೆ, ವೃತ್ತಿಪರ ಟೂರ್ನಿಗಳನ್ನು ನಡೆಸುವವರಿಗೆ,

ಮಾನ್ಯರೇ,

2023ರ ಅಕ್ಟೋಬರ್ 28ರ ರಾತ್ರಿ, ಸ್ಟಾಡ್ ದ ಫ್ರಾನ್ಸ್ ಮೈದಾನ. ವಿಶ್ವಕಪ್ ಫೈನಲ್‌ನ ದ್ವಿತೀಯಾರ್ಧದಲ್ಲಿ ನ್ಯೂಜಿಲೆಂಡ್‌ನ ಆರನ್ ಸ್ಮಿತ್ ಚೆಂಡನ್ನು ಗೆರೆಯಾಚೆ ಊರಿ ಟ್ರೈ ಗಳಿಸಿದರು. ಅಷ್ಟರಲ್ಲಿ ಟಿಎಂಒ, ಅಂದರೆ ಪರದೆ ಮುಂದೆ ಕೂತ ಅಧಿಕಾರಿ, ರೆಫರಿ ವೇಯ್ನ್ ಬಾರ್ನ್ಸ್ ಅವರನ್ನು ತಡೆದರು. ಹಿಂದಿನ ಲೈನ್‌ಔಟ್‌ನಲ್ಲಿ (ಹೊರಹೋದ ಚೆಂಡನ್ನು ಎರಡು ಸಾಲುಗಳ ನಡುವೆ ಎಸೆದು ಆಟ ಮುಂದುವರಿಸುವುದು) ಆರ್ಡಿ ಸವೆಯಾ ಕೈಗೆ ತಾಗಿ ಚೆಂಡು ಮುಂದಕ್ಕೆ ಹೋಗಿತ್ತು. ಟ್ರೈ ರದ್ದಾಯಿತು. ನಾಕ್ ಆನ್ (ಚೆಂಡು ಹೀಗೆ ಕೈಯಿಂದ ಮುಂದಕ್ಕೆ ಹೋಗುವ ತಪ್ಪು) ಆಗಿದ್ದು ನಿಜ, ಅದರಲ್ಲಿ ತಕರಾರಿಲ್ಲ. ಆದರೆ ಆಗ ಜಾರಿಯಲ್ಲಿದ್ದ ಕಟ್ಟಳೆಯ ಪ್ರಕಾರ ಇಂಥ ತಪ್ಪನ್ನು ಹುಡುಕಿಕೊಂಡು ಟಿಎಂಒ ಎರಡು ಫೇಸ್‌ವರೆಗೆ, ಅಂದರೆ ಆಟದ ಎರಡು ತುಂಡುಗಳವರೆಗೆ ಮಾತ್ರ ಹಿಂದಕ್ಕೆ ಹೋಗಬಹುದಿತ್ತು. ಆ ಲೈನ್‌ಔಟ್ ಅದಕ್ಕೂ ಹಿಂದಿನದು. ಪಂದ್ಯ ಮುಗಿದಾಗ ದಕ್ಷಿಣ ಆಫ್ರಿಕಾ 12, ನ್ಯೂಜಿಲೆಂಡ್ 11.

ಕಪ್ ಯಾರಿಗೆ ಸಲ್ಲಬೇಕಿತ್ತು ಎಂದು ಹಳೆಯ ಗಾಯ ಕೆದಕಲು ಇದನ್ನು ಬರೆಯುತ್ತಿಲ್ಲ. ರಿಚೀ ಮೊಉಂಗಾ ಅವರ ಕನ್ವರ್ಷನ್ ಅಥವಾ ಜೋರ್ಡಿ ಬ್ಯಾರೆಟ್ ಅವರ ದೂರದ ಪೆನಾಲ್ಟಿ, ಎರಡರಲ್ಲಿ ಒಂದು ಕಂಬಗಳ ನಡುವೆ ತೂರಿದ್ದರೂ ನ್ಯೂಜಿಲೆಂಡ್ ಮುಂದಿರುತ್ತಿತ್ತು. ಒಬ್ಬರು ಕೆಂಪು ಕಾರ್ಡಿನಿಂದ ಹೊರಬಿದ್ದು, ಹದಿನೈದರ ಬದಲು ಹದಿನಾಲ್ಕು ಜನರಿಂದಲೇ ಅವರು ಅಷ್ಟು ಹತ್ತಿರ ಬಂದಿದ್ದರು. ಹಾಂಡ್ರೆ ಪೊಲಾರ್ಡ್ ನಾಲ್ಕು ಪೆನಾಲ್ಟಿಗಳಲ್ಲಿ ತಂಡದ ಹನ್ನೆರಡೂ ಅಂಕ ಗಳಿಸಿದರು, ಅದು ಅವರ ಕಾಲಿನ ಗೆಲುವು. ನನ್ನ ತಕರಾರು ಬೇರೆ. ನೀವೇ ಬರೆದ ಕಟ್ಟಳೆಯನ್ನು ವರ್ಷದ ಅತಿ ದೊಡ್ಡ ಪಂದ್ಯದಲ್ಲಿ ನೀವೇ ಮೀರಿದಿರಿ, ಅದೂ ಒಂದೇ ಅಂಕದಲ್ಲಿ ಮುಗಿದ ಪಂದ್ಯದಲ್ಲಿ. ಲೀಗ್ ಪಂದ್ಯದಲ್ಲಿ ಇಂಥದ್ದಾದರೆ ಮುಂದಿನ ವಾರ ಇನ್ನೊಂದು ಪಂದ್ಯ ಇರುತ್ತದೆ. ಫೈನಲ್ ಆಡಿದವರಿಗೆ ಆ ಮುಂದಿನ ವಾರ ಇಲ್ಲ.

ಆಟಕ್ಕೆ ಹೊಸಬರಾದ ಓದುಗರಿಗೆ ಎರಡು ಮಾತು. ಟ್ರೈಗೆ 5 ಅಂಕ, ಅದರ ಬೆನ್ನಿಗೆ ಒದೆಯುವ ಕನ್ವರ್ಷನ್‌ಗೆ 2, ಪೆನಾಲ್ಟಿಗೂ ಡ್ರಾಪ್ ಗೋಲಿಗೂ (ಆಟದ ನಡುವೆಯೇ ಚೆಂಡನ್ನು ನೆಲಕ್ಕೆ ಬಿಟ್ಟು ಪುಟಿದೊಡನೆ ಒದೆಯುವುದು) ತಲಾ 3. ಚೆಂಡು ಹಿಡಿದವನು ನೆಲಕ್ಕೆ ಬಿದ್ದಾಗ ಅವನ ಮೇಲೆ ಎರಡೂ ಕಡೆಯವರು ಸೇರಿ ತಳ್ಳಾಡುವುದು ರಕ್. ಒಂದು ರಕ್‌ನಿಂದ ಇನ್ನೊಂದರವರೆಗಿನ ಆಟವೇ ಒಂದು ಫೇಸ್.

ಟಿಎಂಒ ಬೇಡ ಎನ್ನುವವರ ಗುಂಪಿಗೆ ನಾನು ಸೇರಿಲ್ಲ. 2007ರ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಮಾರ್ಕ್ ಕ್ವೇಟೊ ಮೂಲೆಯಲ್ಲಿ ಚೆಂಡು ಊರಿದ್ದನ್ನು ಟಿಎಂಒ ಸ್ಟುವರ್ಟ್ ಡಿಕಿನ್ಸನ್ ಪರದೆಯಲ್ಲಿ ನೋಡಿ ತಳ್ಳಿಹಾಕಿದರು. ಊರುವ ಮುನ್ನ ಪಾದ ಮೈದಾನದ ಅಂಚಿನ ಟಚ್ ಗೆರೆಗೆ ತಾಗಿತ್ತು. ಅಂದು ಇಂಗ್ಲೆಂಡ್ ದಕ್ಷಿಣ ಆಫ್ರಿಕಾಕ್ಕೆ 15-6ರಲ್ಲಿ ಸೋತಿತು. ಇಂಗ್ಲಿಷ್ ಅಭಿಮಾನಿಗಳು ಇಂದಿಗೂ ಒಪ್ಪದಿರಬಹುದು, ಆದರೆ ಅಂಥ ತೀರ್ಪಿಗೆ ಕ್ಯಾಮೆರಾಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಗೆರೆ ನೆಲದ ಮೇಲಿದೆ, ಪಾದ ಅದಕ್ಕೆ ತಾಗಿರುತ್ತದೆ ಅಥವಾ ತಾಗಿರುವುದಿಲ್ಲ.

ಫಾರ್ವರ್ಡ್ ಪಾಸ್, ಅಂದರೆ ನಿಯಮ ಮೀರಿ ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವುದು, ಹಾಗಲ್ಲ. ಸೆಕೆಂಡಿಗೆ ಏಳೆಂಟು ಮೀಟರ್ ಓಡುತ್ತಿರುವವನು ಚೆಂಡನ್ನು ಹಿಂದಕ್ಕೇ ಎಸೆದರೂ ಅವನ ಓಟದ ವೇಗ ಚೆಂಡಿನಲ್ಲಿ ಉಳಿದಿರುತ್ತದೆ. ಹಾಗಾಗಿ ನೆಲದ ಗೆರೆಗಳ ಲೆಕ್ಕದಲ್ಲಿ ಚೆಂಡು ಒಂದೆರಡು ಮೀಟರ್ ಮುಂದೆ ಹೋಗಿ ಬೀಳಬಹುದು. ನೋಡಬೇಕಾದ್ದು ಕೈ ಯಾವ ದಿಕ್ಕಿಗೆ ಬಿಟ್ಟಿತು ಎಂಬುದನ್ನು, ಚೆಂಡು ಎಲ್ಲಿ ಇಳಿಯಿತು ಎಂಬುದನ್ನಲ್ಲ. ಕ್ಯಾಮೆರಾ ಪಾಸ್‌ನ ನೇರಕ್ಕೆ ಇಲ್ಲದೆ ಹಿಂದೆ ಅಥವಾ ಮುಂದೆ ಸರಿದಿದ್ದರೆ ಕೋನವೇ ಮೋಸ ಮಾಡುತ್ತದೆ. ನಿಧಾನಗತಿಯಲ್ಲಿ ನೋಡಿದಷ್ಟೂ ಮೋಸ ಹೆಚ್ಚು, ಏಕೆಂದರೆ ಓಟಗಾರನ ವೇಗ ಕಣ್ಣಿಗೆ ಕಾಣದಂತಾಗುತ್ತದೆ. ಹತ್ತು ಸಲ ತಿರುಗಿಸಿ ನೋಡಿದರೆ ಹತ್ತನೆಯ ಸಲಕ್ಕೆ ಯಾವ ಪಾಸ್ ಬೇಕಾದರೂ ಮುಂದಕ್ಕೇ ಹೋದಂತೆ ಕಾಣುತ್ತದೆ!

ಆದ್ದರಿಂದ ಫೈನಲ್‌ಗಳಿಗೆ ನನ್ನ ಕೋರಿಕೆ ಇಷ್ಟು. ಗೆರೆ, ಚೆಂಡು ಊರಿದ್ದು, ಅಪಾಯಕರ ಆಟ: ಇವುಗಳಿಗೆ ಟಿಎಂಒ ಬಾಗಿಲು ತೆರೆದಿರಲಿ. ನಾಕ್ ಆನ್ ಮತ್ತು ಫಾರ್ವರ್ಡ್ ಪಾಸ್ ವಿಷಯದಲ್ಲಿ ಟ್ರೈಗೆ ಕಾರಣವಾದ ಕೊನೆಯ ಫೇಸ್ ಮಾತ್ರ ಪರಿಶೀಲನೆಗೆ ಬರಲಿ, ಅದನ್ನು ಮಾಮೂಲಿ ವೇಗದಲ್ಲಿ ಎರಡು ಕೋನಗಳಿಂದ ನೋಡಲಿ, 90 ಸೆಕೆಂಡಿನಲ್ಲಿ ಸ್ಪಷ್ಟವಾಗದಿದ್ದರೆ ರೆಫರಿ ಮೈದಾನದಲ್ಲಿ ಹೇಳಿದ್ದೇ ಉಳಿಯಲಿ. ಪೆನಾಲ್ಟಿ ಒದೆಯುವವನಿಗೆ 60 ಸೆಕೆಂಡ್ ಎಂದು ಗಡಿಯಾರ ಹಾಕಿದ್ದೀರಿ, ಕನ್ವರ್ಷನ್‌ನ 90 ಸೆಕೆಂಡನ್ನು 60ಕ್ಕೆ ಇಳಿಸಿದ್ದೀರಿ. ಆ ಶಿಸ್ತು ಪರದೆ ನೋಡುವವರಿಗೂ ಅನ್ವಯಿಸಲಿ.

ಇನ್ನು ಗ್ಯಾಲರಿಯ ಕಿವಿ. ರೆಫರಿಯ ಎದೆಯ ಮೈಕಿನ ಮಾತು ಟಿವಿ ನೋಡುವವರಿಗೆ ಪೂರ್ತಿ ಕೇಳುತ್ತದೆ. ಟಿಕೆಟ್ ಕೊಂಡು ಬಂದವರು ಮಾತ್ರ ಪರದೆಯಲ್ಲಿ ಅದೇ ಚಿತ್ರ ಮೂರು ಸಲ ತಿರುಗುವುದನ್ನು ನೋಡಿ ಪಕ್ಕದವರನ್ನು ಕೇಳಬೇಕು. ತೀರ್ಪನ್ನು ರೆಫರಿಯೇ ಧ್ವನಿವರ್ಧಕದಲ್ಲಿ ಹೇಳುವ ಪದ್ಧತಿ ಕೆಲವು ಟೂರ್ನಿಗಳಲ್ಲಿ ಬಂದಿದೆ. ಎಲ್ಲ ಫೈನಲ್‌ಗಳಿಗೂ ಅದನ್ನು ಕಡ್ಡಾಯ ಮಾಡಿ. ಹೇಳಬೇಕಾದ್ದು ಮೂರೇ ವಾಕ್ಯ: ಏನಾಯಿತು, ಯಾವ ನಿಯಮ, ಆಟ ಹೇಗೆ ಮರುಆರಂಭ. ಒಂದು ಎಚ್ಚರಿಕೆ. ಧ್ವನಿವರ್ಧಕದ ಪ್ರತಿಧ್ವನಿ ಒಂದು ಕ್ಷಣ ತಡವಾಗಿ ರೆಫರಿಯ ಕಿವಿಗೇ ಬಡಿದರೆ ಅವರು ತಡವರಿಸುತ್ತಾರೆ. ಫೈನಲ್‌ಗೆ ಮುಂಚಿನ ದಿನ ಖಾಲಿ ಮೈದಾನದಲ್ಲಿ ಒಮ್ಮೆ ಮಾತಾಡಿಸಿ ನೋಡುವುದು ಒಳ್ಳೆಯದು.

ಕಾರ್ಡುಗಳ ಮಾತಿಗೆ ಬರೋಣ. ಈಗಿನ ಕ್ರಮ ಇದು: ತಲೆಗೆ ಪೆಟ್ಟು ತಾಗಿಸಿದವನಿಗೆ ರೆಫರಿ ಹಳದಿ ತೋರಿಸಿ ಹೊರಗೆ ಕಳಿಸುತ್ತಾರೆ, ಬಂಕರ್‌ನಲ್ಲಿ, ಅಂದರೆ ಮೈದಾನದ ಹೊರಗಿನ ವಿಡಿಯೊ ಕೊಠಡಿಯಲ್ಲಿ ಕೂತ ಅಧಿಕಾರಿ 8 ನಿಮಿಷದೊಳಗೆ ಅದು ಹಳದಿಯಾಗೇ ಉಳಿಯಬೇಕೋ ಕೆಂಪಾಗಬೇಕೋ ಹೇಳುತ್ತಾರೆ. 2023ರ ಫೈನಲ್‌ನಲ್ಲಿ ನ್ಯೂಜಿಲೆಂಡ್ ನಾಯಕ ಸ್ಯಾಮ್ ಕೇನ್ ಅವರ ಹಳದಿ ಹೀಗೆಯೇ ಕೆಂಪಾಯಿತು. ಪುರುಷರ ವಿಶ್ವಕಪ್ ಫೈನಲ್‌ನಲ್ಲಿ ಅದೇ ಮೊದಲ ಕೆಂಪು ಕಾರ್ಡ್. ವಿರಾಮ ಮುಗಿದ ಸ್ವಲ್ಪ ಹೊತ್ತಿಗೆ ಎದುರಾಳಿ ನಾಯಕ ಸಿಯಾ ಕೊಲಿಸಿ ಅವರ ಹಳದಿಯೂ ಬಂಕರ್‌ಗೆ ಹೋಯಿತು, ಹಳದಿಯಾಗಿಯೇ ಉಳಿಯಿತು. ಎರಡು ಘಟನೆಗಳ ನಡುವೆ ವ್ಯತ್ಯಾಸ ಇರಬಹುದು. ಹೊಡೆತದ ಬಿರುಸು, ಟ್ಯಾಕಲ್ ಮಾಡುವವನು ಬಗ್ಗಿದ್ದನೇ, ಎದುರಿನವನು ದಿಢೀರನೆ ಕುಸಿದನೇ, ಮೊದಲ ತಾಗು ಎಲ್ಲಿಗೆ: ಇವೆಲ್ಲ ತೂಗುವ ಸಂಗತಿಗಳೇ. ಆದರೆ ಆ ತೂಕ ಹಾಕಿದ ಬಗೆಯನ್ನು ಮೈದಾನದಲ್ಲಿ ಯಾರಿಗೂ ಹೇಳಲಿಲ್ಲ. ಹೇಳದಿದ್ದಾಗ ಅನುಮಾನ ತಾನಾಗಿ ಹುಟ್ಟುತ್ತದೆ, ಅದಕ್ಕೆ ಯಾರ ದುರುದ್ದೇಶವೂ ಬೇಕಿಲ್ಲ. ಬಂಕರ್ ತೀರ್ಪಿನ ಕಾರಣ ಎರಡು ಸಾಲಿನಲ್ಲಿ ದೊಡ್ಡ ಪರದೆಗೆ ಬರಲಿ.

ಇಪ್ಪತ್ತು ನಿಮಿಷದ ಕೆಂಪು ಕಾರ್ಡಿನ ಬಗ್ಗೆ ಅಭಿಮಾನಿಗಳಲ್ಲೇ ಎರಡು ಪಂಗಡ, ಫ್ರೆಂಚ್ ರಗ್ಬಿ ಅದನ್ನು ಬಲವಾಗಿ ವಿರೋಧಿಸಿದೆ. ನನ್ನ ಮತ ಅದರ ಪರ. ಹೊಡೆದವನು ಮರಳುವಂತಿಲ್ಲ, ಇಪ್ಪತ್ತು ನಿಮಿಷದ ನಂತರ ಬೆಂಚಿನಿಂದ ಬೇರೊಬ್ಬ ಬರಬಹುದು. ಬೇಕೆಂದೇ ಹೊಡೆದವನ ತಂಡಕ್ಕೆ ಈ ರಿಯಾಯಿತಿ ಇಲ್ಲ. 2022ರ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ ಇಂಗ್ಲೆಂಡಿನ ಲಿಡಿಯಾ ಥಾಂಪ್ಸನ್ 18ನೆಯ ನಿಮಿಷಕ್ಕೆ ಹೊರಹೋದರು. ಹದಿನಾಲ್ಕು ಜನ ಗಂಟೆಗೂ ಹೆಚ್ಚು ಹೊತ್ತು ಆಡಿ ಈಡನ್ ಪಾರ್ಕ್‌ನಲ್ಲಿ 34-31ರಲ್ಲಿ ಸೋತರು. ಮರುವರ್ಷ ನ್ಯೂಜಿಲೆಂಡ್ ಪುರುಷರದು ಒಂದಂಕದ ಸೋಲು. ಕೆಂಪು ಕಾರ್ಡ್ ಬಂದರೆ ಪಂದ್ಯ ಮುಗಿದಂತೆ ಎಂಬ ವಾದವನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. 2016ರಲ್ಲಿ ಬಾರ್ಸಿಲೋನಾದ ಕ್ಯಾಂಪ್ ನೌನಲ್ಲಿ 99,124 ಜನರ ಮುಂದೆ ನಡೆದ ಫ್ರೆಂಚ್ ಲೀಗ್ ಟಾಪ್ 14ರ ಫೈನಲ್‌ನಲ್ಲಿ ರೇಸಿಂಗ್ 92 ತಂಡ ಮ್ಯಾಕ್ಸಿಮ್ ಮಶೆನೊ ಅವರನ್ನು ಆರಂಭದಲ್ಲೇ ಕಳೆದುಕೊಂಡೂ ಟುಲಾನ್ ವಿರುದ್ಧ 29-21ರಲ್ಲಿ ಗೆದ್ದಿತು. ಅದು ಅಪರೂಪ, ಅಷ್ಟೇ.

ಆದರೆ ಈ ಹೊಸ ಕಾರ್ಡಿನಲ್ಲಿ ಫೈನಲ್‌ಗೇ ವಿಶೇಷವಾದ ಒಂದು ಸಂದು ಇದೆ. ಕ್ಲಬ್ ಫೈನಲ್ ಎಂದರೆ ಋತುವಿನ ಕೊನೆಯ ಪಂದ್ಯ. ಅಲ್ಲಿ ಕೆಂಪು ಕಾರ್ಡ್ ಪಡೆದವನ ಮೂರು ನಾಲ್ಕು ವಾರದ ನಿಷೇಧ ಮುಂದಿನ ಋತುವಿಗೆ ದಾಟುತ್ತದೆ, ಅಲ್ಲಿ ಅಭ್ಯಾಸ ಪಂದ್ಯಗಳಲ್ಲೇ ಕರಗಿಹೋಗಬಹುದು. ತಂಡಕ್ಕೆ ಶಿಕ್ಷೆ ಇಪ್ಪತ್ತು ನಿಮಿಷ, ಆಟಗಾರನಿಗೆ ಹೆಚ್ಚುಕಡಿಮೆ ಏನೂ ಇಲ್ಲ. ಫೈನಲ್‌ನ ನಿಷೇಧವನ್ನು ಸ್ಪರ್ಧಾತ್ಮಕ ಪಂದ್ಯಗಳಲ್ಲೇ ಕಳೆಯಬೇಕು ಎಂದು ಒಂದು ಸಾಲು ಸೇರಿಸಿದರೆ ಸಂದು ಮುಚ್ಚುತ್ತದೆ.

ಈಗ ಸಮಬಲದ ಪ್ರಶ್ನೆ. ಈ ಪತ್ರಕ್ಕೆ ಮುಖ್ಯ ಕಾರಣವೇ ಇದು.

ವಿಶ್ವಕಪ್‌ನಲ್ಲಿ 80 ನಿಮಿಷಕ್ಕೆ ಸ್ಕೋರು ಸಮವಾದರೆ ಹತ್ತು ಹತ್ತು ನಿಮಿಷದ ಎರಡು ಹೆಚ್ಚುವರಿ ಅವಧಿ, ಆಮೇಲೂ ಸಮವಾದರೆ ಮೊದಲು ಅಂಕ ಗಳಿಸಿದವರು ಗೆಲ್ಲುವ ಹತ್ತು ನಿಮಿಷದ ಸಡನ್ ಡೆತ್, ಅದೂ ಮುಗಿದರೆ ಕಂಬಗಳತ್ತ ಒದೆಯುವ ಸ್ಪರ್ಧೆ. ಕೆಲವು ಕ್ಲಬ್ ಟೂರ್ನಿಗಳಲ್ಲಿ ಹೆಚ್ಚುವರಿ ಅವಧಿಯ ನಂತರ ಟ್ರೈಗಳ ಎಣಿಕೆ, ಅದೂ ಸಮವಾದರೆ ಒದೆತ. ಒಂದೇ ಆಟ, ಟೂರ್ನಿಗೊಂದು ಕಟ್ಟಳೆ. ಹೆಚ್ಚುವರಿ ಅವಧಿಯ 19ನೆಯ ನಿಮಿಷದಲ್ಲಿ ಗ್ಯಾಲರಿಯಲ್ಲಿ ಕೂತವರನ್ನು ಕೇಳಿ ನೋಡಿ, ಈಗ ಸಮವಾದರೆ ಗೆಲ್ಲುವವರು ಯಾರು ಎಂದು. ನೂರರಲ್ಲಿ ಹತ್ತು ಜನ ಸರಿ ಹೇಳಿದರೆ ಹೆಚ್ಚು.

ಒದೆಯುವ ಸ್ಪರ್ಧೆ ಎಂಥದೆಂದು ಯುರೋಪಿನ ಕ್ಲಬ್‌ಗಳ ಟೂರ್ನಿಯಾದ ಹೈನೆಕೆನ್ ಕಪ್‌ನ 2009ರ ಸೆಮಿಫೈನಲ್ ತೋರಿಸಿದೆ. ಕಾರ್ಡಿಫ್ ಬ್ಲೂಸ್ ಮತ್ತು ಲೆಸ್ಟರ್ 26-26ರಲ್ಲಿ ನಿಂತಿದ್ದವು, ಟ್ರೈಗಳೂ ಸಮ. 22 ಮೀಟರ್ ಗೆರೆಯಿಂದ, ಕಂಬಗಳ ನೇರ ಮುಂದಿನಿಂದ ಒಬ್ಬೊಬ್ಬರಾಗಿ ಒದೆಯಬೇಕು. ದಿನವೂ ಒದೆಯುವವನಿಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸ. ಅವರ ಸರದಿ ಮುಗಿದ ಮೇಲೆ ಬರುವವರು ಫಾರ್ವರ್ಡ್‌ಗಳು, ಅಂದರೆ ಮುಂದೆ ನಿಂತು ತಳ್ಳಾಡುವ ಭಾರಿ ಮೈಯವರು. ಅವರು ನೂರು ನಿಮಿಷ ಟ್ಯಾಕಲ್ ಮಾಡಿ, ರಕ್‌ಗಳಲ್ಲಿ ಹೆಣಗಿ, ಕಾಲು ಸೋತು ಬಂದವರು. ವೃತ್ತಿಜೀವನದಲ್ಲಿ ಯಾರೂ ಅವರಿಗೆ ಚೆಂಡು ನಿಲ್ಲಿಸಿ ಒದೆಯಲು ಹೇಳಿದ್ದಿಲ್ಲ. ಕಾರ್ಡಿಫ್‌ನ ಫ್ಲಾಂಕರ್ ಮಾರ್ಟಿನ್ ವಿಲಿಯಮ್ಸ್ ಒದೆದದ್ದು ತಪ್ಪಿತು, ಲೆಸ್ಟರ್‌ನ ನಂಬರ್ 8 ಜೋರ್ಡನ್ ಕ್ರೇನ್ ಒದೆದದ್ದು ಸೇರಿತು. 7-6. ಇಬ್ಬರೂ ಉತ್ತಮ ಆಟಗಾರರು, ಆದರೆ ಆ ಕ್ಷಣದಲ್ಲಿ ಇಬ್ಬರೂ ಆಡುತ್ತಿದ್ದದ್ದು ರಗ್ಬಿ ಅಲ್ಲ. 2022ರ ಚಾಂಪಿಯನ್ಸ್ ಕಪ್ (ಅದೇ ಟೂರ್ನಿಯ ಈಗಿನ ಹೆಸರು) ಕ್ವಾರ್ಟರ್‌ಫೈನಲ್‌ನಲ್ಲಿ ಡಬ್ಲಿನ್‌ನಲ್ಲಿ 24-24ರ ನಂತರ ಟುಲೂಸ್ ತಂಡ ಮನ್‌ಸ್ಟರ್ ಅನ್ನು 4-2ರಲ್ಲಿ ದಾಟಿತು. ಅಲ್ಲಿ ಒದೆದವರು ಆರಿಸಿದ ಕೆಲವರೇ, ಕೋನಗಳೂ ಬೇರೆ ಬೇರೆ, ಹಾಗಾಗಿ ತುಸು ಮೇಲು. ಆದರೂ ತಡೆಯುವವನಿಲ್ಲದ ಒದೆತ ಅದು. ಫುಟ್‌ಬಾಲ್ ಪೆನಾಲ್ಟಿಯಲ್ಲಿ ಗೋಲ್‌ಕೀಪರ್ ಆದರೂ ಎದುರಿಗೆ ನಿಂತಿರುತ್ತಾನೆ.

ಟ್ರೈ ಎಣಿಕೆಯೂ ನನಗೆ ಒಪ್ಪಿಗೆಯಿಲ್ಲ. ಟ್ರೈಗೆ ಪೆನಾಲ್ಟಿಗಿಂತ ಎರಡು ಅಂಕ ಆಗಲೇ ಹೆಚ್ಚಿಗೆ ಕೊಟ್ಟಿದ್ದೀರಿ. ಸಮವಾದಾಗ ಮತ್ತೆ ಅದನ್ನೇ ಎಣಿಸಿದರೆ ಒಂದು ಕೆಲಸಕ್ಕೆ ಎರಡು ಕೂಲಿ. ಮೈದಾನದಲ್ಲಿ ಆಗುವುದು ಇನ್ನೂ ಕೆಟ್ಟದ್ದು. ಎಣಿಕೆಯಲ್ಲಿ ಮುಂದಿರುವ ತಂಡ ಕೊನೆಯ ಐದು ನಿಮಿಷ ಚೆಂಡನ್ನು ರಕ್‌ಗಳ ಅಡಿಯಲ್ಲಿ ಅಡಗಿಸಿಟ್ಟು ಸಮಬಲವನ್ನೇ ಕಾಯುತ್ತದೆ.

ಹಾಗಾದರೆ ದಾರಿ? ಹೆಚ್ಚುವರಿ ಇಪ್ಪತ್ತು ನಿಮಿಷವನ್ನು ನಂಬಿ. ಇತಿಹಾಸ ಅದರ ಪರವಾಗಿದೆ. 1995ರ ವಿಶ್ವಕಪ್ ಫೈನಲ್, ಎಲ್ಲಿಸ್ ಪಾರ್ಕ್‌ನಲ್ಲಿ ದಕ್ಷಿಣ ಆಫ್ರಿಕಾದ ಜೋಯೆಲ್ ಸ್ಟ್ರಾನ್ಸ್ಕಿ ಡ್ರಾಪ್ ಗೋಲ್, 15-12. 2003ರ ವಿಶ್ವಕಪ್ ಫೈನಲ್, ಸಿಡ್ನಿಯಲ್ಲಿ 26 ಸೆಕೆಂಡ್ ಉಳಿದಿದ್ದಾಗ ಇಂಗ್ಲೆಂಡಿನ ಎಡಗಾಲಿನ ಜಾನಿ ವಿಲ್ಕಿನ್ಸನ್ ಬಲಗಾಲಿನಲ್ಲಿ ಒದೆದ ಡ್ರಾಪ್ ಗೋಲ್, 20-17. 2014ರ ಇಂಗ್ಲಿಷ್ ಪ್ರೀಮಿಯರ್‌ಶಿಪ್ ಫೈನಲ್‌ನಲ್ಲಿ ನೂರನೆಯ ನಿಮಿಷಕ್ಕೆ ನಾರ್ಥಾಂಪ್ಟನ್‌ನ ಅಲೆಕ್ಸ್ ವಾಲರ್ ಟ್ರೈ, ಸಾರಸೆನ್ಸ್ ವಿರುದ್ಧ 24-20. 2024ರ ಚಾಂಪಿಯನ್ಸ್ ಕಪ್ ಫೈನಲ್ 80 ನಿಮಿಷಕ್ಕೆ 15-15 ಇದ್ದದ್ದು ಟುಲೂಸ್ 31, ಲೆನ್‌ಸ್ಟರ್ 22 ಆಗಿ ಮುಗಿಯಿತು. 2025ರ ಟಾಪ್ 14 ಫೈನಲ್ 33-33ರಿಂದ ಟುಲೂಸ್ 39, ಬೋರ್ಡೊ 33 ಆಯಿತು. ಐದಕ್ಕೆ ಐದೂ ಆಟದಲ್ಲೇ ತೀರಿದವು.

ಇಪ್ಪತ್ತು ನಿಮಿಷವೂ ಸಾಲದಿದ್ದರೆ ಸಡನ್ ಡೆತ್ ಹತ್ತು ನಿಮಿಷ. ಅಲ್ಲಿ ಪೆನಾಲ್ಟಿ ಅಂಕಗಳನ್ನು ತೆಗೆದುಹಾಕಿ ಟ್ರೈಗೆ ಮಾತ್ರ ಬೆಲೆ ಕೊಡಿ ಎಂದು ಕೆಲವರು ಹೇಳುತ್ತಾರೆ. ಕೇಳಲು ಚೆಂದ, ಆದರೆ ಮಾಡಬೇಡಿ. ಮೂರು ಅಂಕದ ಭಯ ಹೋದ ಮರುಕ್ಷಣ ರಕ್ಷಣೆಯವರು ಪ್ರತಿ ರಕ್‌ನಲ್ಲೂ ಚೆಂಡಿನ ಮೇಲೆ ಮಲಗುತ್ತಾರೆ, ಆಫ್‌ಸೈಡ್ ಗೆರೆ ದಾಟಿ ನಿಲ್ಲುತ್ತಾರೆ. ಸೋದರ ಆಟವಾದ ರಗ್ಬಿ ಲೀಗ್‌ನಲ್ಲಿ ಆಸ್ಟ್ರೇಲಿಯಾದ ಎನ್‌ಆರ್‌ಎಲ್ ಟೂರ್ನಿಯ 2015ರ ಗ್ರ್ಯಾಂಡ್ ಫೈನಲ್ ಇನ್ನೊಂದು ಪಾಠ ಕೊಟ್ಟಿತು. 80 ನಿಮಿಷ ಮುಗಿದೊಡನೆ ಗೋಲ್ಡನ್ ಪಾಯಿಂಟ್ (ಮೊದಲು ಅಂಕ ಗಳಿಸಿದವರೇ ಗೆಲ್ಲುವ ಅವಧಿ), ಮೊದಲ ಕಿಕ್‌ಆಫ್‌ನಲ್ಲೇ ಬ್ರಿಸ್ಬೇನ್‌ನ ಬೆನ್ ಹಂಟ್ ಕೈಯಿಂದ ಚೆಂಡು ಜಾರಿತು, ಸ್ವಲ್ಪ ಹೊತ್ತಿಗೆ ಜೊನಾಥನ್ ಥರ್ಸ್ಟನ್ ಒದೆದು ನಾರ್ತ್ ಕ್ವೀನ್ಸ್‌ಲೆಂಡ್ 17-16ರಲ್ಲಿ ಗೆದ್ದಿತು. ರೋಮಾಂಚನ ಇತ್ತು, ಸರಿ. ಆದರೆ ಒಂದೇ ಜಾರಿಕೆಗೆ ಋತುವನ್ನೇ ಒಪ್ಪಿಸುವ ಮೊದಲು ಪೂರ್ಣ ಹೆಚ್ಚುವರಿ ಅವಧಿ ಇರಬೇಕು. ನಮ್ಮ ಆಟವಾದ ರಗ್ಬಿ ಯೂನಿಯನ್ ಈ ವಿಷಯದಲ್ಲಿ ಸರಿಯಾಗಿದೆ, ಅದನ್ನು ಬಿಡಬೇಡಿ.

ಅಲ್ಲಿಗೂ ಸಮವಾದರೆ? ಹಂಚಿಬಿಡಿ. ನಗಬೇಡಿ. 2006ರಲ್ಲಿ ಬ್ಲೂಮ್‌ಫಾಂಟೇನ್‌ನಲ್ಲಿ ದಕ್ಷಿಣ ಆಫ್ರಿಕಾದ ಕರ್ರಿ ಕಪ್ ಫೈನಲ್ ಹೆಚ್ಚುವರಿ ಅವಧಿಯ ನಂತರವೂ 28-28ರಲ್ಲೇ ನಿಂತಾಗ ಚೀಟಾಸ್ ಮತ್ತು ಬ್ಲೂ ಬುಲ್ಸ್ ಕಪ್ ಹಂಚಿಕೊಂಡರು. ಆಕಾಶವೇನೂ ಕಳಚಿ ಬೀಳಲಿಲ್ಲ. ನೂರಹತ್ತು ನಿಮಿಷ ಪರಸ್ಪರ ಸೋಲಿಸಲಾಗದ ಎರಡು ತಂಡಗಳಿಗೆ ತಲಾ ಆರು ತಿಂಗಳು ಕಪ್ ಕೊಡುವುದು ಒದೆಯುವ ಸ್ಪರ್ಧೆಗಿಂತ ಗೌರವದ ದಾರಿ. ವಿಶ್ವಕಪ್‌ಗೆ ಇದು ಒಗ್ಗಲಾರದು ಎಂದು ನೀವು ಹೇಳುತ್ತೀರಿ, ಗೊತ್ತು. ಕ್ಲಬ್ ಟೂರ್ನಿಗಳಲ್ಲಾದರೂ ಯೋಚಿಸಿ.

ಮಳೆಯ ಬಗ್ಗೆ ಒಂದು ಟಿಪ್ಪಣಿ. 1995ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾ ಮತ್ತು ಫ್ರಾನ್ಸ್ ನಡುವಿನ ಡರ್ಬನ್ ಸೆಮಿಫೈನಲ್ ನೀರು ನಿಂತ ಮೈದಾನದಿಂದ ತಡವಾಯಿತು. ಅದು ರದ್ದಾಗಿದ್ದರೆ ಶಿಸ್ತಿನ ದಾಖಲೆಯ ಮೇಲೆ ಫ್ರಾನ್ಸ್ ಫೈನಲ್‌ಗೆ ಹೋಗುತ್ತಿತ್ತು, ಏಕೆಂದರೆ ಹಿಂದಿನ ಪಂದ್ಯವೊಂದರಲ್ಲಿ ದಕ್ಷಿಣ ಆಫ್ರಿಕಾದ ಆಟಗಾರನಿಗೆ ಕೆಂಪು ಕಾರ್ಡ್ ಬಿದ್ದಿತ್ತು. ನೀರು ಗುಡಿಸಿ ಆಡಿಸಿದರು, ಬಚಾವ್. ನಾಕೌಟ್‌ಗೆ ಮೀಸಲು ದಿನ ಇರಬೇಕು. ಇದಕ್ಕಿಂತ ಹೆಚ್ಚು ವಾದ ಬೇಕಿಲ್ಲ.

ಸ್ಕ್ರಮ್, ಅಂದರೆ ಎರಡೂ ಕಡೆಯ ಫಾರ್ವರ್ಡ್‌ಗಳು ಬಿಗಿದುಕೊಂಡು ಚೆಂಡಿಗಾಗಿ ತಳ್ಳುವ ಕಟ್ಟು, ಫೈನಲ್‌ಗಳ ಸಮಯ ತಿನ್ನುವ ದೊಡ್ಡ ಹೊಟ್ಟೆ. ಸೇರಲು 30 ಸೆಕೆಂಡ್ ಎಂಬ ಮಿತಿ ಇದೆ, ಆದರೆ ಕುಸಿದು ಮತ್ತೆ ಕಟ್ಟಿದರೆ ನಿಮಿಷವೇ ಹೋಗುತ್ತದೆ. ಕುಸಿಯುವ ಕಾರಣಗಳು ಬೇರೆ ಬೇರೆ. ನೆಲದ ಹುಲ್ಲು ಮಗುಚುತ್ತದೆ, ಮುಂದಿನ ಸಾಲಿನ ಅಂಚಿನಲ್ಲಿರುವ ಪ್ರಾಪ್‌ನ ಹಿಡಿತ ಜೆರ್ಸಿಯಿಂದ ಜಾರುತ್ತದೆ, ಭುಜ ಸೊಂಟಕ್ಕಿಂತ ಕೆಳಗಿಳಿಯುತ್ತದೆ, ಅಥವಾ ಚೆಂಡಿಗಿಂತ ಪೆನಾಲ್ಟಿಯೇ ಬೇಕೆಂದು ಒಬ್ಬ ಬೇಕಂತಲೇ ಎಳೆಯುತ್ತಾನೆ. ಕೊನೆಯದು ಫೈನಲ್‌ಗಳಲ್ಲಿ ಹೆಚ್ಚು, ಏಕೆಂದರೆ ಅಲ್ಲಿ ಮೂರು ಅಂಕ ಚಿನ್ನ. 2003ರಲ್ಲಿ ಇಂಗ್ಲೆಂಡ್ ಪ್ಯಾಕ್ (ಫಾರ್ವರ್ಡ್‌ಗಳ ಗುಂಪು) ಬಲವಾಗಿದ್ದೂ ಸ್ಕ್ರಮ್‌ನಲ್ಲಿ ಪೆನಾಲ್ಟಿ ಕೊಡುತ್ತಲೇ ಹೋಯಿತು, ಹೆಚ್ಚುವರಿ ಅವಧಿಯಲ್ಲಿ ಜೇಸನ್ ಲೆನರ್ಡ್ ಅವರನ್ನು ಇಳಿಸಿ ಸ್ಕ್ರಮ್ ನೆಟ್ಟಗೆ ನಿಲ್ಲಿಸಬೇಕಾಯಿತು. ನನ್ನ ಸಲಹೆ ಚಿಕ್ಕದು: ಮೊದಲ ಕುಸಿತಕ್ಕೇ ಗಡಿಯಾರ ನಿಲ್ಲಲಿ, ಚೆಂಡು ಒಳಗೆ ಬಿದ್ದಾಗ ಮತ್ತೆ ಓಡಲಿ. ಮುಂದಿರುವ ತಂಡಕ್ಕೆ ಕುಸಿದು ಕಾಲ ಕಳೆಯುವ ಲಾಭವೇ ಇರುವುದಿಲ್ಲ.

ತಳ್ಳಾಟವಿಲ್ಲದ ಸ್ಕ್ರಮ್ ಇನ್ನೊಂದು ಕಗ್ಗಂಟು. 2022ರ ಫೆಬ್ರವರಿಯಲ್ಲಿ ಡಬ್ಲಿನ್‌ನಲ್ಲಿ ಇಟಲಿಯ ಒಬ್ಬ ಹುಕರ್ (ಮುಂದಿನ ಸಾಲಿನ ನಡುವೆ ನಿಲ್ಲುವವನು) ಗಾಯಗೊಂಡು, ಬದಲಿ ಬಂದವನು ಕೆಂಪು ಕಾರ್ಡ್ ಪಡೆದು, ಸ್ಕ್ರಮ್ ತಳ್ಳಾಟವಿಲ್ಲದ್ದಾದ ಕಾರಣ ಇನ್ನೊಬ್ಬನನ್ನೂ ಹೊರಗೆ ಕಳಿಸಬೇಕಾಗಿ ಬಂದು, ತಂಡ 13ಕ್ಕೆ ಇಳಿಯಿತು. ಒಂದು ತಪ್ಪಿಗೆ ಇಬ್ಬರು ಹೋದರು. ಬೇಕೆಂದೇ ಸ್ಕ್ರಮ್ ಕೆಡಿಸುವವರನ್ನು ತಡೆಯಲು ಬರೆದ ನಿಯಮ ಅಮಾಯಕರನ್ನು ಹೊಡೆಯಿತು. ಅದೇ ಫೈನಲ್‌ನ ಹತ್ತನೆಯ ನಿಮಿಷಕ್ಕೆ ಆದರೆ ಏನು ಗತಿ? 2023ರಲ್ಲಿ ದಕ್ಷಿಣ ಆಫ್ರಿಕಾ ಮೊದಲ ಕೆಲವೇ ನಿಮಿಷಗಳಲ್ಲಿ ಹುಕರ್ ಬೊಂಗಿ ಎಂಬೊನಾಂಬಿ ಅವರನ್ನು ಕಳೆದುಕೊಂಡು, ಫ್ಲಾಂಕರ್ ಆಗಿಯೂ ಆಡುವ ಡಿಯಾನ್ ಫೌರಿ ಅವರಿಂದ ಉಳಿದ ಪಂದ್ಯ ನಿಭಾಯಿಸಿತು. ಫೈನಲ್‌ಗೆ ಮಾತ್ರ 23ರ ಬದಲು 24 ಜನ ಕೊಡಿ, ಹೆಚ್ಚಿನವನು ಫ್ರಂಟ್ ರೋ (ಸ್ಕ್ರಮ್‌ನ ಮುಂದಿನ ಸಾಲು) ಗಾಯಕ್ಕೆ ಮಾತ್ರ ಇಳಿಯುವಂತಿರಲಿ. ಬೆಂಚಿನಲ್ಲಿ ಏಳು ಫಾರ್ವರ್ಡ್, ಒಬ್ಬ ಬ್ಯಾಕ್ ಎಂಬ ತಂತ್ರವನ್ನು ನಿಷೇಧಿಸಿ ಎಂಬ ಕೂಗಿಗೆ ನನ್ನ ಬೆಂಬಲ ಇಲ್ಲ. ಅದು ಜೂಜು, ಆಡುವವರೇ ಅದರ ಬೆಲೆ ತೆರುತ್ತಾರೆ.

ಫೈನಲ್ ಎಲ್ಲಿ ನಡೆಯಬೇಕು? ಲೀಗ್ ಆದರೆ ಪಟ್ಟಿಯಲ್ಲಿ ಮೇಲಿದ್ದವರ ಮನೆಯಂಗಳದಲ್ಲಿ. ತಿಂಗಳುಗಟ್ಟಲೆ ಗೆದ್ದದ್ದಕ್ಕೆ ಅದು ನ್ಯಾಯವಾದ ಫಲ, ಮತ್ತು ಅದು ಕಪ್ ಅನ್ನು ಮೊದಲೇ ಕೊಟ್ಟಂತೆಯೂ ಅಲ್ಲ. ಹಲವು ದೇಶಗಳ ಕ್ಲಬ್‌ಗಳು ಆಡುವ ಯುಆರ್‌ಸಿ ಲೀಗ್‌ನಲ್ಲಿ 2023ರಲ್ಲಿ ಮನ್‌ಸ್ಟರ್ ಕೇಪ್ ಟೌನ್‌ಗೆ ಹೋಗಿ 19-14ರಲ್ಲಿ, 2024ರಲ್ಲಿ ಗ್ಲಾಸ್ಗೊ ಎತ್ತರದ ಪ್ರಿಟೋರಿಯಾಕ್ಕೆ ಹೋಗಿ 21-16ರಲ್ಲಿ ಗೆದ್ದವು. ಚಾಂಪಿಯನ್ಸ್ ಕಪ್‌ನಂಥ ಟೂರ್ನಿಗೆ ಮುಂಚೆಯೇ ಘೋಷಿಸಿದ ಮೈದಾನ ಸರಿ. 2023ರಲ್ಲಿ ಅದು ಕಾಕತಾಳೀಯವಾಗಿ ಲೆನ್‌ಸ್ಟರ್‌ನ ಊರಾದ ಡಬ್ಲಿನ್ ಆಗಿತ್ತು, ಆದರೂ ಲಾ ರೊಷೆಲ್ 27-26ರಲ್ಲಿ ಗೆದ್ದಿತು.

ಮೈದಾನಕ್ಕಿಂತ ದೊಡ್ಡ ಅನ್ಯಾಯ ದಿನಗಳ ಲೆಕ್ಕದಲ್ಲಿದೆ. 2023ರ ಸೆಮಿಫೈನಲ್‌ಗಳಲ್ಲಿ ಒಂದು ಶುಕ್ರವಾರ, ಇನ್ನೊಂದು ಶನಿವಾರ. ಫೈನಲ್‌ಗೆ ಮೊದಲು ನ್ಯೂಜಿಲೆಂಡ್‌ಗೆ ಎಂಟು ದಿನ, ದಕ್ಷಿಣ ಆಫ್ರಿಕಾಕ್ಕೆ ಏಳು. ತಲೆಗೆ ಪೆಟ್ಟಾದ ಆಟಗಾರನನ್ನು 12 ನಿಮಿಷದ ಪರೀಕ್ಷೆಗೆ ಕರೆದೊಯ್ಯುತ್ತೀರಿ. ತೇರ್ಗಡೆಯಾಗದಿದ್ದರೆ ಸಾಮಾನ್ಯವಾಗಿ ಮುಂದಿನ ವಾರದ ಪಂದ್ಯ ಹೋಯಿತೆಂದೇ ಲೆಕ್ಕ. ಆ ಮುಂದಿನ ವಾರವೇ ಫೈನಲ್ ಆದರೆ, ತಲೆ ಸುತ್ತುತ್ತಿದೆ ಎಂದು ಬಾಯಿಬಿಡುವ ಆಟಗಾರ ಎಷ್ಟು ಜನ? ಸೆಮಿಫೈನಲ್ ಮತ್ತು ಫೈನಲ್ ನಡುವೆ ಎರಡು ವಾರ ಇಡಿ, ಎರಡೂ ಸೆಮಿಫೈನಲ್ ಒಂದೇ ದಿನ ಆಡಿಸಿ. ದೂರದಿಂದ ಬರುವ ಅಭಿಮಾನಿಗಳೂ ವಿಮಾನದ ಟಿಕೆಟ್‌ಗೆ ಪರದಾಡುವುದು ತಪ್ಪುತ್ತದೆ.

2027ರ ನವೆಂಬರ್ 13ರಂದು ಪುರುಷರ ವಿಶ್ವಕಪ್ ಫೈನಲ್ ಸಿಡ್ನಿಯಲ್ಲಿ, ವಿಲ್ಕಿನ್ಸನ್ ಬಲಗಾಲಿನಲ್ಲಿ ಒದೆದ ಅದೇ ಮೈದಾನದಲ್ಲಿ. ಟಿಎಂಒ ಎಲ್ಲಿಯವರೆಗೆ ಹಿಂದೆ ಹೋಗಬಹುದು, ಬಂಕರ್ ಏನು ಹೇಳಬೇಕು, ಸಮವಾದರೆ ಯಾವ ನಿಮಿಷಕ್ಕೆ ಏನು, ಮಳೆ ಬಂದರೆ ಮೀಸಲು ದಿನ ಯಾವುದು: ಇವಿಷ್ಟನ್ನೂ ಎರಡು ಪುಟದಲ್ಲಿ ಬರೆದು ಟೂರ್ನಿ ಆರಂಭಕ್ಕೆ ತಿಂಗಳು ಮೊದಲು ಪ್ರಕಟಿಸಿ. ಟಿಕೆಟ್ಟಿನ ಹಿಂಬದಿಯಲ್ಲಿ ಜಾಹೀರಾತಿಗೆ ಜಾಗ ಇರುತ್ತದಲ್ಲ, ಸಮಬಲದ ನಿಯಮವನ್ನು ಅಲ್ಲೇ ಮುದ್ರಿಸಿದರೂ ಸಾಕು.

ಇಂತಿ,
ಒಬ್ಬ ರಗ್ಬಿ ಅಭಿಮಾನಿ